ಬೀಗದ ಕೈ

ಕಳೆದ ದೀಪಾವಳಿಗೆ ಪುಣೆಯಿಂದ ಶಿವಮೊಗ್ಗಕ್ಕೆ ಹೋದಾಗ ಅಪ್ಪನ ಕಂಪ್ಯೂಟರಿಗೆ ನಾನು ಯಜಮಾನನಾದೆ. ಬ್ಯಾಂಕಿನವನೆಂದು ಫೋನ್ ಮಾಡಿದ ಯಾರದೋ ಮಾತು ಕೇಳಿ ಅಪ್ಪ ಏನೋ ಒಂದನ್ನು ಇನ್‌ಸ್ಟಾಲ್ ಮಾಡಿಕೊಂಡಿದ್ದರು. ಅಮ್ಮ ಗಾಬರಿಯಿಂದ ವೈರ್ ಕಿತ್ತಿದ್ದರಿಂದ ದುಡ್ಡು ಉಳಿದಿತ್ತು. ನಾನು ವಿಂಡೋಸ್‌ನಲ್ಲಿ ನನ್ನ ಹೆಸರಿಗೊಂದು ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು, ಅಪ್ಪನದನ್ನು ಸ್ಟ್ಯಾಂಡರ್ಡ್ ಮಾಡಿ, ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ತಿಂಗಳಾದ ಮೇಲೆ ಅಪ್ಪನ ಫೋನ್. "ನುಡಿ ತಂತ್ರಾಂಶ ಹಾಕ್ಕೋಬೇಕಿತ್ತು ಕಣೋ. ಪರದೆ ಮಬ್ಬಾಗಿ ನಿನ್ನ ಪಾಸ್‌ವರ್ಡ್ ಕೇಳ್ತಿದೆ. ಬಿಡುವಾದಾಗ ಹೇಳು."

ಆ ಮಬ್ಬು ಯಾಕೆಂದು ನನಗೆ ಗೊತ್ತಿತ್ತು. 2007ರಲ್ಲಿ ಮನೆಗಳಿಗೆ ಬಂದ ವಿಸ್ಟಾದ ಕಾಲದ ಏರ್ಪಾಡು ಅದು. ಬೇರೆ ಯಾವ ಪ್ರೋಗ್ರಾಮೂ ನಮ್ಮ ಪರವಾಗಿ 'ಯೆಸ್' ಒತ್ತದಂತೆ ತಡೆಯುತ್ತದೆ. ಆದರೆ ತಮ್ಮ ಪಿಂಚಣಿ ದುಡ್ಡಿನಲ್ಲಿ ಕೊಂಡ ಯಂತ್ರದ ಮುಂದೆ ಅಪ್ಪ ನನ್ನ ಬಿಡುವಿಗಾಗಿ ಕಾಯುತ್ತಿದ್ದರು. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೂ ಹೊರಗೆ ನಿಲ್ಲಿಸಿತ್ತು.

ಪಾಸ್‌ವರ್ಡ್ ಹೇಳಿದೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆಯೇ ಇರಲಿ, ನೀವು ಏನನ್ನೂ ಹಾಕದೆ ಇದ್ದಾಗ ಪರದೆ ಮಬ್ಬಾದರೆ 'ನೋ' ಒತ್ತಿ, ಫೋನಿನಲ್ಲಿ ಯಾರು ಕೇಳಿದರೂ ಪಾಸ್‌ವರ್ಡ್ ಕೊಡಬೇಡಿ ಅಂದೆ.

"ನೀನು ಕೇಳಿದ್ರೂ?"

ಒಂದು ಕ್ಷಣ ತಡವರಿಸಿದೆ. "ನಾನು ಕೇಳಿದ್ರೂ. ಇವತ್ತೇ ಅದನ್ನ ಬದಲಾಯಿಸಿಬಿಡಿ ಅಪ್ಪ."