ವಕೀಲ ಥರ್ಗುಡ್ ಮಾರ್ಷಲ್

ತುಂಟತನ ಮಾಡಿದ ಹುಡುಗರಿಗೆ ಉಪಾಧ್ಯಾಯರು ವಿಧಿಸುವ ಶಿಕ್ಷೆಗಳು ಹಲವು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನನಗೆ ಅವೆಲ್ಲವೂ ಗೊತ್ತು. ಅವುಗಳಿಂದ ಯಾರಿಗಾದರೂ ಬಹಳ ಪ್ರಯೋಜನವಾದದ್ದನ್ನು ಮಾತ್ರ ನಾನು ಕಾಣೆ. ಅಮೆರಿಕದ ಬಾಲ್ಟಿಮೋರ್ ನಗರದ ಶಾಲೆಯೊಂದರ ಶಿಕ್ಷೆ ಇದಕ್ಕೆ ಅಪವಾದ. ಅಲ್ಲಿ ತಪ್ಪು ಮಾಡಿದವನು ನೆಲಮಾಳಿಗೆಯಲ್ಲಿ ಕುಳಿತು ದೇಶದ ಸಂವಿಧಾನವನ್ನು ಓದಬೇಕಾಗಿತ್ತು. ಥರ್ಗುಡ್ ಮಾರ್ಷಲ್ ಎಂಬ ಹುಡುಗನು ಆ ಮೆಟ್ಟಿಲುಗಳನ್ನು ಎಷ್ಟು ಸಲ ಇಳಿದನೆಂದರೆ, ಶಾಲೆ ಬಿಡುವ ಹೊತ್ತಿಗೆ ಸಂವಿಧಾನವೆಲ್ಲ ಅವನಿಗೆ ಬಾಯಿಪಾಠವಾಗಿತ್ತಂತೆ.

ಮಾರ್ಷಲ್ಲರು ಹುಟ್ಟಿದ್ದು 1908ರಲ್ಲಿ, ಕಪ್ಪು ಜನಾಂಗದ ಕುಟುಂಬವೊಂದರಲ್ಲಿ. ತಾಯಿ ಶಾಲಾ ಶಿಕ್ಷಕಿ. ತಂದೆ ರೈಲಿನಲ್ಲಿ ಪರಿಚಾರಕನಾಗಿದ್ದು, ಮುಂದೆ ಬಿಳಿಯರ ಕ್ಲಬ್ಬೊಂದರಲ್ಲಿ ಕೆಲಸಕ್ಕೆ ಸೇರಿದವರು. ಊಟಕ್ಕೆ ಕುಳಿತಾಗ ಮಕ್ಕಳು ಆಡಿದ ಪ್ರತಿಯೊಂದು ಮಾತಿಗೂ ಆಧಾರವೇನೆಂದು ಕೇಳುವುದು ತಂದೆಯ ಅಭ್ಯಾಸವಾಗಿತ್ತು. ವಕೀಲನಾಗುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕೆ? ಆದರೆ ತಮ್ಮ ರಾಜ್ಯದ ಕಾನೂನು ಕಾಲೇಜು ಬಿಳಿಯರಿಗಷ್ಟೇ ಮೀಸಲಾಗಿದ್ದುದರಿಂದ ಅವರು ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಬೇಕಾಯಿತು. ಶುಲ್ಕಕ್ಕಾಗಿ ತಾಯಿ ತನ್ನ ಮದುವೆಯ ಉಂಗುರವನ್ನು ಒತ್ತೆಯಿಟ್ಟಳು. 1933ರಲ್ಲಿ ಮಾರ್ಷಲ್ಲರು ತರಗತಿಗೆ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮುಂದೆ ಎರಡೇ ವರ್ಷಗಳಲ್ಲಿ ತಮ್ಮ ಗುರು ಚಾರ್ಲ್ಸ್ ಹ್ಯೂಸ್ಟನ್ನರೊಡನೆ ವಾದಿಸಿ, ಅದೇ ರಾಜ್ಯದ ಕಾನೂನು ಕಾಲೇಜಿಗೆ ಕಪ್ಪು ವಿದ್ಯಾರ್ಥಿಯೊಬ್ಬನಿಗೆ ಪ್ರವೇಶ ದೊರಕಿಸಿಕೊಟ್ಟರು.

ಅವರ ಎದುರಿಗಿದ್ದುದು ಒಂದು ಹಳೆಯ ತೀರ್ಪು. ಎರಡು ಜನಾಂಗಗಳಿಗೂ ಸೌಕರ್ಯ ಸಮನಾಗಿದ್ದರೆ ಬೇರೆ ಬೇರೆ ಇಡುವುದು ತಪ್ಪಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ಹೇಳಿತ್ತು. ಬೇರೆ ಎಂಬುದು ಎಲ್ಲೆಲ್ಲೂ ನಡೆಯಿತು. ಸಮ ಎಂಬುದು ಕಾಗದದಲ್ಲೇ ಉಳಿಯಿತು. ದಕ್ಷಿಣ ಕೆರೊಲೀನಾ ರಾಜ್ಯದ ಕ್ಲ್ಯಾರೆಂಡನ್ ಕೌಂಟಿಯನ್ನು ನೋಡಿ. ಅಲ್ಲಿ ಬಿಳಿಯ ಮಕ್ಕಳಿಗೆ ಮೂವತ್ತು ಶಾಲಾ ಬಸ್ಸುಗಳಿದ್ದವು. ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಕೆಲವು ಮಕ್ಕಳು ಎಂಟೊಂಬತ್ತು ಮೈಲಿ ನಡೆದು ಶಾಲೆಗೆ ಬರುತ್ತಿದ್ದರು. ನಡೆಯುವ ಮಕ್ಕಳ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಬಸ್ಸು ಹೋಗುವುದನ್ನು ನೀವು ಒಮ್ಮೆ ಮನಸ್ಸಿನಲ್ಲೇ ಕಂಡುಕೊಳ್ಳಿ. ಪಾದ್ರಿಯೂ ಶಿಕ್ಷಕರೂ ಆಗಿದ್ದ ಜೋಸೆಫ್ ಡಿಲೇನ್ ಎಂಬವರು ಪಾಲಕರನ್ನು ಕೂಡಿಸಿ, ಒಂದು ಬಸ್ಸು ಕೊಡಿರೆಂದು ಅರ್ಜಿ ಮಾಡಿಸಿದರು. ಬಸ್ಸು ಬರಲಿಲ್ಲ.

ಮಾರ್ಷಲ್ಲರು ಈ ಜನರ ಪರವಾಗಿ ನಿಂತರು. ಬೇಡಿಕೆ ಬಸ್ಸಿನಿಂದ ಬೆಳೆದು, ಮಕ್ಕಳನ್ನು ಬೇರ್ಪಡಿಸುವ ಪದ್ಧತಿಯೇ ಹೋಗಬೇಕು ಎಂಬಲ್ಲಿಗೆ ಮುಟ್ಟಿತು. ಸಾಕ್ಷ್ಯಕ್ಕಾಗಿ ಅವರು ಕೆನೆತ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರನ್ನು ಕರೆತಂದರು. ಕ್ಲಾರ್ಕರು ಆ ಊರಿನ ಕಪ್ಪು ಮಕ್ಕಳ ಮುಂದೆ ಬಿಳಿಯ ಗೊಂಬೆಯನ್ನೂ ಕಂದು ಗೊಂಬೆಯನ್ನೂ ಇಟ್ಟು, ಒಳ್ಳೆಯದು ಯಾವುದೆಂದು ಕೇಳಿದರು. ಹೆಚ್ಚಿನ ಮಕ್ಕಳ ಬೆರಳು ಬಿಳಿಯ ಗೊಂಬೆಯತ್ತ ಚಾಚಿತು. ಗೊಂಬೆಗಳನ್ನು ನ್ಯಾಯಾಲಯಕ್ಕೆ ತರುವುದೇ ಎಂದು ಮಾರ್ಷಲ್ಲರ ಜೊತೆಗಾರರಲ್ಲೇ ಕೆಲವರು ಮೂಗುಮುರಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಮೊಕದ್ದಮೆಯ ಕಾಗದಪತ್ರಗಳಲ್ಲೆಲ್ಲ ಅಷ್ಟು ಕರುಳು ಹಿಂಡುವ ಸಾಕ್ಷ್ಯ ಬೇರೊಂದಿಲ್ಲ.

ಕೆಳಗಿನ ನ್ಯಾಯಾಲಯದಲ್ಲಿ ಸೋಲಾಯಿತು. ಕಾನ್ಸಾಸ್ ಮೊದಲಾದೆಡೆಗಳಿಂದ ಬಂದ ಇನ್ನು ನಾಲ್ಕು ಮೊಕದ್ದಮೆಗಳೊಡನೆ ಇದೂ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಅಲ್ಲಿ ದಕ್ಷಿಣ ಕೆರೊಲೀನಾದ ಪರವಾಗಿ ಎದ್ದು ನಿಂತವರು ಜಾನ್ ಡೇವಿಸ್. ವಿದ್ಯಾರ್ಥಿಯಾಗಿದ್ದಾಗ ಮಾರ್ಷಲ್ಲರು ಪಾಠ ತಪ್ಪಿಸಿ ಇದೇ ಡೇವಿಸರ ವಾದ ಕೇಳಲು ಹೋಗುತ್ತಿದ್ದರು! ಸಮಾನತೆಯೆಂದರೆ ಏನೆಂದು ನ್ಯಾಯಮೂರ್ತಿಯೊಬ್ಬರು ಕೇಳಿದಾಗ ಮಾರ್ಷಲ್ಲರ ಉತ್ತರ ಚಿಕ್ಕದಾಗಿತ್ತು: ಅದೇ ವಸ್ತು, ಅದೇ ಕಾಲದಲ್ಲಿ, ಅದೇ ಸ್ಥಳದಲ್ಲಿ ದೊರೆಯುವುದು. 1954ರ ಮೇ 17ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಅವರ ಪಕ್ಷವನ್ನು ಎತ್ತಿಹಿಡಿದರು.

ಆ ನ್ಯಾಯಾಲಯದಲ್ಲಿ ಮಾರ್ಷಲ್ಲರು ವಾದಿಸಿದ ಮೊಕದ್ದಮೆಗಳು 32, ಗೆದ್ದವು 29. 1967ರಲ್ಲಿ ಅವರೇ ಅಲ್ಲಿಯ ನ್ಯಾಯಮೂರ್ತಿಯಾದರು. ಕಪ್ಪು ಜನಾಂಗದವರಲ್ಲಿ ಅವರೇ ಮೊದಲಿಗರು. 1991ರಲ್ಲಿ ನಿವೃತ್ತರಾಗಿ 1993ರಲ್ಲಿ ತೀರಿಕೊಂಡರು.

ಕ್ಲ್ಯಾರೆಂಡನ್ನಿನ ಅರ್ಜಿಗೆ ಸಹಿ ಮಾಡಿದವರ ಕಥೆ ಬೇರೆ. ಮೊದಲ ಹೆಸರು ಹ್ಯಾರಿ ಬ್ರಿಗ್ಸ್‌ನದು. ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದವನು. ಅವನೂ ಕೆಲಸ ಕಳೆದುಕೊಂಡ, ಅವನ ಹೆಂಡತಿಯೂ ಕಳೆದುಕೊಂಡಳು. ಡಿಲೇನರ ಮನೆ ಬೆಂಕಿಗೆ ಆಹುತಿಯಾಯಿತು. ಬ್ರಿಗ್ಸ್ ಕೂಲಿ ಹುಡುಕಿಕೊಂಡು ದೂರದ ಫ್ಲಾರಿಡಕ್ಕೆ ಹೋದ. ತೀರ್ಪು ಬಂದು ಹತ್ತು ವರ್ಷಗಳಾದರೂ ಅವನ ಊರಿನ ಬಿಳಿಯರ ಶಾಲೆಯಲ್ಲಿ ಒಂದು ಕಪ್ಪು ಮಗುವೂ ಇರಲಿಲ್ಲ. ಮೊದಲ ಕೆಲವು ಮಕ್ಕಳು ಅದರ ಬಾಗಿಲು ದಾಟಿದ್ದು 1965ರಲ್ಲಿ.