ರಾಶಿಯ ರಾತ್ರಿ, ದಮ್ಮಿನ ದಾಳಿ

ಉಮರ್ಗಾದಿಂದ ಬಂದ ರಾಶಿ ಮಷಿನ್ ಸೋಯಾಬೀನ್ ನುಂಗಿ ಹೊಟ್ಟಿನ ಮೋಡ ಉಗುಳುತ್ತಿತ್ತು. ಆ ಮೋಡದೊಳಗಿಂದ ಕಾಕಾ ಎದೆ ಹಿಡಿದುಕೊಂಡು ಹೊರಬಂದರು. ತುಟಿ ನೀಲಿಗಟ್ಟಿತ್ತು, ಕೊರಳ ನರಗಳು ಉಬ್ಬಿದ್ದವು. "ದಮ್ಮ..." ಎಂದರು. ಮುಂದಿನ ಮಾತಿಗೆ ಉಸಿರಿರಲಿಲ್ಲ.

ಜೇಬಿನಿಂದ ಅಸ್ತಮಾದ ನೀಲಿ ಪಂಪ್ ತೆಗೆದು ಎಳೆದರು. ಮತ್ತೆ ಎಳೆದರು. ಉಸಿರು ತಿರುಗಲಿಲ್ಲ. ಮಷಿನ್ ಬಂದ್ ಮಾಡಿಸಿ, ಅವರನ್ನು ಜೀಪಿಗೇರಿಸಿ ನಿಲಂಗಾದ ಆಸ್ಪತ್ರೆಯತ್ತ ಹೊರಟೆವು.

ಪಂಪಿನ ಸಾಲ್ಬುಟಮಾಲ್ ಬಿಗಿದ ಸ್ನಾಯುಗಳನ್ನಷ್ಟೇ ಸಡಿಲಿಸುತ್ತದೆ. ಎದೆಯೊಳಗೆ ಆಗಲೇ ಇನ್ನೊಂದು ಯುದ್ಧ ನಡೆದಿತ್ತು. ಅಲರ್ಜಿಯ ಧೂಳು ತಾಗಿದೊಡನೆ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಸಣ್ಣ ರಕ್ತನಾಳಗಳು ಸೋರಿ, ರಕ್ತದ ಫೈಬ್ರಿನೋಜೆನ್ ಗಾಳಿಕೊಳವೆಗೆ ಇಳಿಯುತ್ತದೆ. ಥ್ರೋಂಬಿನ್ ಎಂಬ ಕಿಣ್ವ ಅದನ್ನು ಕತ್ತರಿಸಿ ಫೈಬ್ರಿನ್ ಎಳೆಗಳನ್ನಾಗಿ ಮಾಡುತ್ತದೆ. 13ನೇ ಹೆಪ್ಪುಗಟ್ಟುವ ಅಂಶ ಆ ಎಳೆಗಳನ್ನು ಬಿಗಿಯಾಗಿ ಬೆಸೆಯುತ್ತದೆ. ಕುಡುಗೋಲು ತಾಗಿದ ಬೆರಳಿನ ರಕ್ತ ನಿಲ್ಲಿಸುವ ಅದೇ ಕಿಣ್ವಗಳು ಇಲ್ಲಿ ಕಫದೊಂದಿಗೆ ಸೇರಿ ಉಸಿರಿನ ದಾರಿಗೆ ಬೆಣೆ ಜಡಿಯುತ್ತವೆ. ಹೆಪ್ಪು ಕರಗಿಸುವ ಪ್ಲಾಸ್ಮಿನ್ ಹುಟ್ಟದಂತೆ ಪಿಎಐ-1 ಎಂಬ ಪ್ರೋಟೀನ್ ಅಡ್ಡಗಟ್ಟುತ್ತದೆ.

ನಿಲಂಗಾದ ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಗೊರಗೊರ ಸದ್ದೂ ಇರಲಿಲ್ಲ. ಗಾಳಿಯೇ ಆಡದ ಎದೆಗಿಂತ ದೊಡ್ಡ ಅಪಾಯವಿಲ್ಲ! ಆಕ್ಸಿಜನ್, ನೆಬ್ಯುಲೈಜರ್, ನರಕ್ಕೆ ಸ್ಟೀರಾಯ್ಡ್, ಎಲ್ಲವೂ ಒಟ್ಟಿಗೆ. ಉದಗೀರಕ್ಕೆ ಒಯ್ಯಿರಿ ಎಂದು ಮರಾಠಿಯಲ್ಲಿ ಕೂಗಿದರು. 108 ಆಂಬುಲೆನ್ಸ್ ಕತ್ತಲು ಸೀಳಿ ಓಡಿತು. ಕಾಕಾನ ರೆಪ್ಪೆ ಜೋಲತೊಡಗಿತು. "ಕಾಕಾ, ಕಣ್ಣ ಮುಚ್ಚಬ್ಯಾಡ್ರಿ!" ಎಂದು ಕೈ ಅಲುಗಾಡಿಸುತ್ತಲೇ ಇದ್ದೆ.

ಸೋಯಾ ಧೂಳು ಒಂದು ಮಹಾನಗರವನ್ನೇ ಹೀಗೆ ಕಾಡಿದ್ದುಂಟು. 1981ರಿಂದ 1987ರವರೆಗೆ ಬಾರ್ಸಿಲೋನಾದಲ್ಲಿ 26 ಬಾರಿ ಅಸ್ತಮಾ ಏಕಾಏಕಿ ಸ್ಫೋಟಿಸಿತು. ಬಂದರಿನಲ್ಲಿ ಸೋಯಾಬೀನ್ ಇಳಿಸುವ ದಿನಗಳಿಗೂ ಆಸ್ಪತ್ರೆ ತುಂಬುವ ದಿನಗಳಿಗೂ ತಾಳೆಯಾಯಿತು. ಧಾನ್ಯದ ಸೈಲೋಗೆ ಧೂಳು ಹಿಡಿಯುವ ಫಿಲ್ಟರ್ ಹಾಕಿದ ಮೇಲೆ ಆ ಸ್ಫೋಟಗಳು ನಿಂತವು. 2013ರಲ್ಲಿ ಹ್ಯೂಸ್ಟನ್‌ನ ಬೇಲರ್ ಕಾಲೇಜಿನ ವಿಜ್ಞಾನಿಗಳು ಇಲಿಗಳಲ್ಲಿ ಮತ್ತೊಂದು ಗುಟ್ಟು ಕಂಡರು: ಶ್ವಾಸನಾಳದಲ್ಲಿ ತುಂಡಾದ ಫೈಬ್ರಿನೋಜೆನ್ ಚೂರುಗಳೇ ಅಲರ್ಜಿಯನ್ನು ಇನ್ನಷ್ಟು ಕೆರಳಿಸುತ್ತವೆ.

ಉದಗೀರದ ಐಸಿಯುನಲ್ಲಿ ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕಾದವು. ಸೋರಿಕೆ ತಗ್ಗಿತು, ಬಾವು ಇಳಿಯಿತು. ಕೊನೆಗೆ ಕಾಕಾ ಕೆಮ್ಮಿ ಕೆಮ್ಮಿ ಕೊಳವೆಯ ಅಚ್ಚಿನಂಥ ಗಟ್ಟಿ ಕಫ ಹೊರಹಾಕಿದರು. ಎದೆ ತುಂಬ ಗಾಳಿ ಎಳೆದುಕೊಂಡರು. "ರಾಶಿ ಮುಗೀತೇನಪಾ?" ಎಂದು ಕೇಳಿದರು. ಅಂದು ಅವರಾಡಿದ ಮೊದಲ ಪೂರ್ತಿ ಮಾತು!

ಆರಾಮ ಇದ್ದೇನೆಂದು ಅವರು ದಿನದ ಸ್ಟೀರಾಯ್ಡ್ ಪಂಪ್ ಬಿಟ್ಟಿದ್ದರು. ರಕ್ತನಾಳದ ಸೋರಿಕೆಯನ್ನು ಮೊದಲೇ ತಡೆಯುವುದು ಅದೇ ಔಷಧಿ. ಹೆಪ್ಪಿನ ಮಾತು ಕೇಳಿ ರಕ್ತ ತೆಳುಮಾಡುವ ಮಾತ್ರೆ ನುಂಗಬೇಡಿ. ಅದು ಅಸ್ತಮಾದ ಚಿಕಿತ್ಸೆಯಲ್ಲ. ದಮ್ಮು ಇದ್ದವರು ರಾಶಿಯ ಧೂಳಿನಿಂದ ದೂರವಿರಿ. ವೈದ್ಯರು ಹೇಳಿದ ದಿನದ ಪಂಪ್ ನೀವಾಗಿ ನಿಲ್ಲಿಸಬೇಡಿ. ನೀಲಿ ಪಂಪ್ ಎಳೆದರೂ ಉಸಿರು ತಿರುಗದಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.