ಎರಡೂವರೆ ಕೋಟಿ, ಐದು ಮುಖ

ಥ್ರಿಲ್ಲರ್ ಚಿತ್ರವನ್ನು ಎರಡನೇ ಸಲ ನೋಡಲು ಕೂತವರಿಗೆ ಮನೆಯಲ್ಲಿ ಒಂದು ಪ್ರಶ್ನೆ ಕಾದಿರುತ್ತದೆ: ‘ಕೊಂದವನು ಯಾರು ಅಂತ ಗೊತ್ತಿದೆಯಲ್ಲ, ಇನ್ನೇನು ನೋಡೋದು?’ ಪ್ರಶ್ನೆ ನ್ಯಾಯವಾದದ್ದೇ. ಗುಟ್ಟೊಂದನ್ನೇ ನಂಬಿಕೊಂಡ ಚಿತ್ರ, ಅದು ರಟ್ಟಾದ ಮೇಲೆ ಹಿಂಡಿ ಬಿಸಾಕಿದ ನಿಂಬೆಹಣ್ಣು. ಆದರೆ ಈ ಚಟ ಹತ್ತಿಸಿಕೊಂಡವರು ಉತ್ತರವಾಗಿ ಒಂದು ಹೆಸರು ಹೇಳುತ್ತಾರೆ: ಶ್ರೀರಾಮ್ ರಾಘವನ್ ಅವರ ‘ಜಾನಿ ಗದ್ದಾರ್’. ಗದ್ದಾರ್ ಎಂದರೆ ದ್ರೋಹಿ. ಆ ದ್ರೋಹಿ ಯಾರೆಂದು ನಿರ್ದೇಶಕರು ಮೊದಲ ಸಲ ನೋಡುವವರಿಂದಲೂ ಮುಚ್ಚಿಡುವುದಿಲ್ಲ.

ಚಿತ್ರ ತೆರೆಕಂಡದ್ದು 2007ರ ಸೆಪ್ಟೆಂಬರ್ 28ರಂದು. ನಾಲ್ಕು ದಿನದ ಹಿಂದಷ್ಟೇ ಜೋಹಾನ್ಸ್‌ಬರ್ಗ್‌ನಲ್ಲಿ ಧೋನಿಯ ಹುಡುಗರು ಮೊದಲ ಟಿ-20 ವಿಶ್ವಕಪ್ ಗೆದ್ದಿದ್ದರು. ದೇಶಕ್ಕೆ ಬೇರೆಯೇ ಗುಂಗು. ಅದಕ್ಕೂ ಮುಂಚಿನ ಶುಕ್ರವಾರ ನವದೀಪ್ ಸಿಂಗ್ ಅವರ ‘ಮನೋರಮಾ ಸಿಕ್ಸ್ ಫೀಟ್ ಅಂಡರ್’ ಬಂದಿತ್ತು. ರಾಜಸ್ಥಾನದ ಮರಳುಸೀಮೆಯಲ್ಲಿ ಅಭಯ್ ಡಿಯೋಲ್ ನಿಧಾನವಾಗಿ ಒಂದು ಸಾವಿನ ಜಾಡು ಹಿಡಿಯುವ ಕಥೆ. ಒಂದೇ ವಾರದ ಅಂತರದಲ್ಲಿ ಹಿಂದಿಯಲ್ಲಿ ಎರಡು ಸದ್ದಿಲ್ಲದ ಥ್ರಿಲ್ಲರುಗಳು, ಎರಡರಲ್ಲೂ ವಿನಯ್ ಪಾಠಕ್.

ಕಥೆಯನ್ನು ಬೆರಳ ಮೇಲೆ ಎಣಿಸಬಹುದು. ಮುಂಬೈಯ ಐದು ಜನ ಪಾಲುದಾರರು. ತಲೆಗೆ ಐವತ್ತು ಲಕ್ಷದಂತೆ ಕೂಡಿಸಿದ ಎರಡೂವರೆ ಕೋಟಿ ರೂಪಾಯಿ ಒಂದು ಬ್ಯಾಗಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬರಬೇಕು. ಇಲ್ಲಿ ಕಲ್ಯಾಣ್ ಎಂಬ ಪೊಲೀಸ್ ಅಧಿಕಾರಿ ಕಾಯುತ್ತಿದ್ದಾನೆ. ಕೆಲವೇ ದಿನಗಳಲ್ಲಿ ದುಡ್ಡು ದುಪ್ಪಟ್ಟಾಗುವ ವ್ಯವಹಾರ. ಐವರಲ್ಲಿ ಕಿರಿಯವನಾದ ವಿಕ್ರಮ್‌ಗೆ ಮಾತ್ರ ಪೂರ್ತಿ ಬ್ಯಾಗಿನ ಮೇಲೇ ಕಣ್ಣು. ಪಾಲುದಾರನೊಬ್ಬನ ಹೆಂಡತಿಯ ಮೇಲೂ.

ವಿಕ್ರಮ್ ಆಗಿ ನಟಿಸಿದವರು ಗಾಯಕ ಮುಕೇಶ್ ಅವರ ಮೊಮ್ಮಗ ನೀಲ್ ನಿತಿನ್ ಮುಕೇಶ್. ಅದು ಅವರ ಮೊದಲ ನಾಯಕ ಪಾತ್ರ. ನುಣುಪಾದ ಚೆಲುವು, ಆ ಮುಖಕ್ಕೆ ಇನ್ನೂ ಹೆಚ್ಚು ಭಾವಗಳು ಅಭ್ಯಾಸವಾಗಿರಲಿಲ್ಲ ಎಂದರೂ ತಪ್ಪಲ್ಲ. ರಾಘವನ್ ಅವರ ಜಾಣತನವಿರುವುದು ಆ ಕೊರತೆಯನ್ನೇ ಪಾತ್ರದ ಗುಣವಾಗಿಸಿದ್ದರಲ್ಲಿ. ಉಳಿದವರು ಅನುಮಾನದಿಂದ ಒಬ್ಬರ ಮೇಲೊಬ್ಬರು ಹಾರಿಬೀಳುವಾಗ ಇವನು ಪಕ್ಕದಲ್ಲೇ ಸುಮ್ಮನೆ ಇರುತ್ತಾನೆ. ಆ ಸುಮ್ಮನಿರುವಿಕೆಯಲ್ಲಿ ಅವನ ಲೆಕ್ಕಾಚಾರವೆಲ್ಲ ನಮಗೆ ಕಾಣುತ್ತದೆ, ಎದುರಿಗಿದ್ದವರಿಗೆ ಕಾಣುವುದಿಲ್ಲ.

ರೈಲಿನ ಭಾಗವನ್ನು ಈ ಚಟದವರು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಾರೆ. ಬ್ಯಾಗು ಹೊತ್ತವನು ಶಿವ. ದಯಾ ಶೆಟ್ಟಿ ಮಾಡಿದ ಪಾತ್ರ. ‘ಸಿಐಡಿ’ ಧಾರಾವಾಹಿ ನೋಡಿದವರಿಗೆ ಆ ಭುಜಗಳ ಪರಿಚಯ ಹೇಳಬೇಕಿಲ್ಲ. ಅಂಥ ಆಳನ್ನು ಈ ತೆಳ್ಳನೆಯ ಹುಡುಗ ಕ್ಲೋರೋಫಾರಂನಿಂದ ಮಲಗಿಸಿ ದುಡ್ಡು ಎತ್ತಿಕೊಂಡು ಇಳಿದುಹೋಗಬೇಕು. ಕೊಲ್ಲುವ ಯೋಚನೆಯೇ ಇಲ್ಲ. ಆದರೆ ಶಿವ ಅವನ ಮುಖ ನೋಡಿಬಿಡುತ್ತಾನೆ. ಅಲ್ಲಿಂದಾಚೆಗೆ ವಿಕ್ರಮ್ ಮಾಡುವುದೆಲ್ಲ ಹಿಂದಿನ ತಪ್ಪಿಗೆ ಹಾಕುವ ತೇಪೆ, ಪ್ರತಿ ತೇಪೆಯೂ ಹಿಂದಿನದಕ್ಕಿಂತ ದೊಡ್ಡದು. ನೋಡುವವರ ಪಾಡೂ ಅಷ್ಟೇ: ಸಿಕ್ಕಿಬೀಳಲಿ ಎಂದು ನ್ಯಾಯ ಹೇಳುತ್ತದೆ, ಬಾಗಿಲ ಗಂಟೆ ಬಾರಿಸಿದಾಗ ಮಾತ್ರ ಅವನ ಜೊತೆ ನಮ್ಮ ಎದೆಯೂ ಧಸಕ್ಕೆನ್ನುತ್ತದೆ.

ಗುಂಪಿನ ಹಿರಿಯ ಶೇಷಾದ್ರಿಯಾಗಿ ಧರ್ಮೇಂದ್ರ. ಆಗವರಿಗೆ ಎಪ್ಪತ್ತು ದಾಟಿತ್ತು. ಮುಷ್ಟಿ ಬಿಗಿದು ಗರ್ಜಿಸುವ ಧರ್ಮೇಂದ್ರರನ್ನು ಹುಡುಕಿ ಹೋದವರಿಗೆ ಇಲ್ಲಿ ಸಿಗುವುದು ಮೆಲುದನಿಯಲ್ಲಿ ಮಾತಾಡುವ ಒಂಟಿ ಮುದುಕ. ತೀರಿಕೊಂಡ ಹೆಂಡತಿಯ ದನಿಯಲ್ಲಿರುವ ಹಳೆಯ ಹಾಡೊಂದನ್ನು ಆತ ಟೇಪಿನಲ್ಲಿ ಕೇಳುತ್ತ ಕೂರುತ್ತಾನೆ. ಹಾಡು 1963ರ ‘ಬಂದಿನಿ’ ಚಿತ್ರದ್ದು. ಬಿಮಲ್ ರಾಯ್ ಅವರ ಆ ಚಿತ್ರದಲ್ಲಿ ಜೈಲಿನ ಡಾಕ್ಟರಾಗಿದ್ದ ತರುಣ ಇದೇ ಧರ್ಮೇಂದ್ರ. ಇದನ್ನು ಬಲ್ಲವರು ಆ ದೃಶ್ಯದಲ್ಲಿ ಇಬ್ಬರು ಧರ್ಮೇಂದ್ರರನ್ನು ನೋಡುತ್ತಾರೆ. ಗೊತ್ತಿಲ್ಲದವರಿಗೂ ಮುದುಕನ ಒಂಟಿತನ ತಟ್ಟದೆ ಹೋಗುವುದಿಲ್ಲ. ವಿಕ್ರಮ್‌ನನ್ನು ಆತ ಮಗನ ಹಾಗೆ ನೋಡುವುದರಿಂದ ಮುಂದಿನದನ್ನು ನೆನೆದರೇ ಹೊಟ್ಟೆಯಲ್ಲಿ ಸಂಕಟ.

ಜೂಜುಕೋರ ಪ್ರಕಾಶನಾಗಿ ವಿನಯ್ ಪಾಠಕ್ ನಗಿಸುತ್ತಲೇ ಕಂಗಾಲಾಗುತ್ತಾರೆ. ಸಿಡುಕ ಶಾರ್ದೂಲನಾಗಿ ಝಾಕಿರ್ ಹುಸೇನ್, ಬರೀ ನೋಟದಲ್ಲೇ ಬೆದರಿಸುವ ಕಲ್ಯಾಣ್ ಆಗಿ ಗೋವಿಂದ್ ನಾಮದೇವ್. ಇವರೆಲ್ಲರ ನಡುವೆ ಪ್ರಕಾಶನ ಹೆಂಡತಿ ವರ್ಷಾ ಪಾತ್ರದ ರಸಿಕಾ ಜೋಶಿಯವರನ್ನು ಮೊದಲ ನೋಟದಲ್ಲಿ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಎರಡನೇ ಸಲ ಕೂತವರು ಅವರಿಂದ ಕಣ್ಣು ಕೀಳುವುದಿಲ್ಲ. ಆ ಮರಾಠಿ ಕಲಾವಿದೆ 2011ರಲ್ಲಿ ತೀರಿಕೊಂಡರು.

ಸಾಲ ಮಾಡಿದ್ದನ್ನು ಬಾಯಿಬಿಟ್ಟು ಹೇಳುವ ಚಿತ್ರವಿದು. ‘ಜ್ಯುವೆಲ್ ಥೀಫ್’ ಕೊಟ್ಟ ವಿಜಯ್ ಆನಂದ್ ಮತ್ತು ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಗಳನ್ನು ಬಹುಕಾಲ ಆಳಿದ ಜೇಮ್ಸ್ ಹ್ಯಾಡ್ಲಿ ಚೇಸ್, ಇಬ್ಬರಿಗೂ ಇದು ಅರ್ಪಣೆ. ಹೋಟೆಲಿನಲ್ಲಿ ವಿಕ್ರಮ್ ಕೊಡುವ ಸುಳ್ಳು ಹೆಸರು ವಿಜಯ್ ಆನಂದರ ‘ಜಾನಿ ಮೇರಾ ನಾಮ್’ನಿಂದ ಬಂದದ್ದು. ರೈಲಿನ ಉಪಾಯವೋ, ಅಮಿತಾಭ್ ಬಚ್ಚನ್ ಖಳನಾಗಿದ್ದ 1971ರ ‘ಪರ್ವಾನಾ’ದ್ದು, ಅದನ್ನು ಟಿವಿಯಲ್ಲಿ ನೋಡಿಯೇ ಅವನು ಕಲಿಯುತ್ತಾನೆ. ಕದ್ದದ್ದನ್ನು ತೋರಿಸಿಕೊಂಡೇ ಕದಿಯುವವನನ್ನು ಕಳ್ಳ ಎನ್ನುವುದು ಹೇಗೆ? ಮಳೆ ಸುರಿಯುವ ರಾತ್ರಿಯ ಕಪ್ಪು-ಬಿಳುಪು ಆರಂಭವನ್ನು ಸಿ.ಕೆ. ಮುರಳೀಧರನ್ ಅವರ ಕ್ಯಾಮೆರಾ ಹಳೆಯ ಚಿತ್ರಗಳ ಮೋಹದಲ್ಲೇ ಹಿಡಿದಿದೆ. ಪೂಜಾ ಲಢಾ ಸೂರ್ತಿ ಅವರ ಸಂಕಲನ ಎಲ್ಲೂ ಅವಸರ ಪಡುವುದಿಲ್ಲ, ಎಲ್ಲೂ ಕಾಲಹರಣ ಮಾಡುವುದಿಲ್ಲ.

ಕುಂದಿಲ್ಲವೆಂದಲ್ಲ. ವಿಕ್ರಮ್ ಕಣ್ಣಿಟ್ಟ ಪಾಲುದಾರನ ಹೆಂಡತಿ, ಇಷ್ಟೆಲ್ಲ ಅನಾಹುತಕ್ಕೆ ಅರ್ಧ ಕಾರಣಳಾದ ಮಿನಿಯ ಮನಸ್ಸಿನೊಳಗೆ ಚಿತ್ರ ಇಣುಕುವುದೇ ಇಲ್ಲ. ರಿಮಿ ಸೇನ್ ಬಂದು ಹೋಗುತ್ತಾರೆ, ಅಷ್ಟೇ. ಕೊನೆಕೊನೆಗೆ ಕಾಕತಾಳೀಯಗಳೂ ತುಸು ಜಾಸ್ತಿ.

ಗಲ್ಲಾಪೆಟ್ಟಿಗೆ ಆಗ ಹೆಚ್ಚೇನೂ ಸದ್ದು ಮಾಡಲಿಲ್ಲ. ರಾಘವನ್ ಹೆಸರು ಮನೆಮಾತಾಗಲು 2018ರ ‘ಅಂಧಾಧುನ್’ ಬರಬೇಕಾಯಿತು. ತಮಿಳಿನ ಪ್ರಶಾಂತ್ ಅವರಂತೂ ಈ ಎರಡೂ ಚಿತ್ರಗಳ ರೀಮೇಕುಗಳಲ್ಲಿ ನಾಯಕರಾದರು.

2025ರ ನವೆಂಬರ್ 24ರಂದು ಧರ್ಮೇಂದ್ರ ಕಣ್ಮುಚ್ಚಿದರು. ಅವರ ಕೊನೆಯ ಚಿತ್ರ ‘ಇಕ್ಕೀಸ್’ ತೆರೆಗೆ ಬಂದದ್ದು ಆಮೇಲೆ. ಅದರ ನಿರ್ದೇಶಕರೂ ಶ್ರೀರಾಮ್ ರಾಘವನ್ನರೇ.